ಪುನ್ನಾಟ ಮತ್ತು ಫಲಿಸ್ಕ: ನೆರೆರಾಜ್ಯಗಳಲ್ಲಿ ಲೀನವಾದ ಎರಡು ಕಿರುನಾಡುಗಳು

೧

ವಯನಾಡಿನ ಬೆಟ್ಟಗಳಲ್ಲಿ ಹುಟ್ಟುವ ಕಪಿಲಾ ನದಿಯು ಹೆಗ್ಗಡದೇವನಕೋಟೆಯ ಕಾಡುಗಳನ್ನು ಹಾದು, ಹುಲ್ಲಹಳ್ಳಿಯ ಗದ್ದೆಬಯಲುಗಳಿಗೆ ನೀರೂಡಿ, ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಬಳಸಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಬಿನಿಯೆಂದೂ ಕಪಿನಿಯೆಂದೂ ಹೆಸರಾದ ಈ ಹೊಳೆಯ ಇಕ್ಕೆಲದ ಊರುಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ತಲಕಾಡಿನ ಗಂಗರಿಂದ ಆರಂಭಿಸಿ, ಚೋಳ, ಹೊಯ್ಸಳ, ವಿಜಯನಗರಗಳ ಕಾಲವನ್ನು ದಾಟಿ, ಮೈಸೂರಿನ ಒಡೆಯರಲ್ಲಿಗೆ ಬಂದು ನಿಲ್ಲುವರು. ಗಂಗರ ಆಳ್ವಿಕೆ ಇಲ್ಲಿ ನೆಲೆಗೊಳ್ಳುವುದಕ್ಕೆ ಮೊದಲೇ ಈ ನದಿಯ ದಡದಲ್ಲಿ ಸ್ವಂತ ಅರಸರು, ಸ್ವಂತ ರಾಜಧಾನಿ, ಸ್ವಂತ ಹೆಸರು ಇದ್ದ ಒಂದು ನಾಡು ಇದ್ದಿತು. ಅದೇ ಪುನ್ನಾಟ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ದೊರೆಯುವ ಸ್ಥಾನವು ಗಂಗರ ಅಧ್ಯಾಯದಲ್ಲಿ ಒಂದೆರಡು ವಾಕ್ಯಗಳು ಮಾತ್ರ.

ದೊಡ್ಡ ರಾಜ್ಯವೊಂದು ನೆರೆಯ ಸಣ್ಣ ನಾಡನ್ನು ತನ್ನೊಳಗೆ ಸೇರಿಸಿಕೊಂಡಾಗ ಆ ಸಣ್ಣ ನಾಡಿನ ಇತಿಹಾಸ ಅಲ್ಲಿಗೇ ಮುಗಿಯಿತೆಂದು ತಿಳಿಯುವುದು ನಮ್ಮಲ್ಲಿ ರೂಢಿಯಾಗಿದೆ. ಇದು ಸರಿಯೇ? ಹಾಗೆ ಮುಗಿಯದಿದ್ದರೆ, ಅದರ ಮುಂದಿನ ಕಥೆಯನ್ನು ಎಲ್ಲಿ ಹುಡುಕಬೇಕು? ಈ ಪ್ರಶ್ನೆಗಳನ್ನು ಪುನ್ನಾಟದ ವಿಷಯದಲ್ಲಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಪುನ್ನಾಟಕ್ಕೆ ಸಂಬಂಧಿಸಿದ ಆಧಾರಗಳು ವಿರಳವಾಗಿವೆ. ಆದುದರಿಂದ ಇಂಥದೇ ಸ್ಥಿತಿಯಲ್ಲಿದ್ದು, ಹೆಚ್ಚಿನ ಆಧಾರಗಳನ್ನು ಉಳಿಸಿಹೋದ ಇನ್ನೊಂದು ಜನಾಂಗವನ್ನು ಮೊದಲು ನೋಡಿಕೊಂಡರೆ ನಮ್ಮ ದಾರಿ ಸುಗಮವಾದೀತು. ರೋಮ್ ನಗರದ ಮಗ್ಗುಲಲ್ಲೇ ಬಾಳಿ, ಕೊನೆಗೆ ರೋಮಿನಲ್ಲೇ ಕರಗಿಹೋದ ಪ್ರಾಚೀನ ಇಟಲಿಯ ಫಲಿಸ್ಕನ್ನರೇ ಆ ಜನಾಂಗ.

೨

ರೋಮಿನ ಉತ್ತರಕ್ಕೆ ಸುಮಾರು ೫೦ ಕಿಲೋಮೀಟರುಗಳ ದೂರದಲ್ಲಿ, ಟೈಬರ್ ನದಿಯ ಪಶ್ಚಿಮಕ್ಕೆ, ಬೆಟ್ಟಸಾಲುಗಳ ನಡುವೆ ಫಲಿಸ್ಕನ್ನರ ನಾಡು ಇದ್ದಿತು. ಅವರ ಮುಖ್ಯ ಪಟ್ಟಣ ಫಲೇರಿಯೈ. ಇಂದು ಅಲ್ಲಿ ಚಿವಿತಾ ಕಸ್ತೆಲ್ಲಾನ ಎಂಬ ಊರಿದೆ. ಅಗ್ನಿಪರ್ವತದ ಬೂದಿ ಗಟ್ಟಿಯಾಗಿ ಉಂಟಾದ ಮೆದುಗಲ್ಲಿನ ದಿಣ್ಣೆಯ ಮೇಲೆ, ಸುತ್ತಲೂ ಆಳವಾದ ಕಮರಿಗಳ ರಕ್ಷಣೆಯಲ್ಲಿ, ಆ ಪಟ್ಟಣ ಬೆಳೆದಿತ್ತು. ಅವರ ಉತ್ತರಕ್ಕೂ ಪಶ್ಚಿಮಕ್ಕೂ ಎಟ್ರಸ್ಕನ್ನರು, ದಕ್ಷಿಣಕ್ಕೆ ಲ್ಯಾಟಿನರು, ಟೈಬರ್ ನದಿಯ ಆಚೆಗೆ ಸಬೈನರು ಇದ್ದರು. ಹೀಗೆ ಮೂರು ದೊಡ್ಡ ಜನಾಂಗಗಳ ನಡುವೆ ಸಿಕ್ಕಿದ್ದ ಈ ಸಣ್ಣ ಜನಾಂಗವು ರಾಜಕೀಯದಲ್ಲಿ ಎಟ್ರಸ್ಕನ್ನರ ಕಡೆಗೆ ವಾಲಿತ್ತು. ಕಲೆಯಲ್ಲಿಯೂ ಲಿಪಿಯಲ್ಲಿಯೂ ಅವರಿಂದ ಬಹಳವನ್ನು ಕಲಿತಿತ್ತು. ಆದರೆ ಮನೆಯಲ್ಲಿ ಆಡುತ್ತಿದ್ದ ಮಾತು ಮಾತ್ರ ಎಟ್ರಸ್ಕನ್ ಆಗಿರದೆ ಲ್ಯಾಟಿನ್ನಿಗೆ ಅತ್ಯಂತ ಸಮೀಪದ ಭಾಷೆಯಾಗಿತ್ತು. ಸಂಸ್ಕೃತಿಯಲ್ಲಿ ಒಬ್ಬರ ನೆರೆ, ಭಾಷೆಯಲ್ಲಿ ಇನ್ನೊಬ್ಬರ ನಂಟು ಎಂಬ ಈ ಇಬ್ಬಗೆಯ ಸ್ಥಿತಿಯೇ ಫಲಿಸ್ಕನ್ನರನ್ನು ವಿದ್ವಾಂಸರಿಗೆ ಕುತೂಹಲದ ವಿಷಯವನ್ನಾಗಿ ಮಾಡಿದೆ.

ಜೂನೋ ಕುರಿಟಿಸ್ ಎಂಬ ದೇವಿಯು ಅವರ ಅಧಿದೇವತೆ. ಮರ್ಕ್ಯುರಿ, ಅಪೊಲೊ, ಮಿನರ್ವ ಮೊದಲಾದ ದೇವತೆಗಳ ಆರಾಧನೆಯೂ ಅಲ್ಲಿ ನಡೆಯುತ್ತಿತ್ತು. ದೇವಾಲಯಗಳ ಮಾಡುಗಳನ್ನು ಅಲಂಕರಿಸಿದ್ದ ಸುಟ್ಟ ಮಣ್ಣಿನ ವಿಗ್ರಹಗಳು ಇಂದು ರೋಮಿನ ವಿಲ್ಲಾ ಜೂಲಿಯಾ ವಸ್ತುಸಂಗ್ರಹಾಲಯದಲ್ಲಿವೆ. ಕ್ರಿ. ಪೂ. ೪ನೆಯ ಶತಮಾನದಲ್ಲಿ ಫಲೇರಿಯೈ ಪಟ್ಟಣದ ಕುಂಬಾರರು ಗ್ರೀಕರ ಮಾದರಿಯನ್ನನುಸರಿಸಿ ಕೆಂಪು ಚಿತ್ರಗಳ ಮಣ್ಣಿನ ಪಾತ್ರೆಗಳನ್ನು ಮಾಡುವುದರಲ್ಲಿ ಪ್ರಸಿದ್ಧರಾಗಿದ್ದರು.

೩

ಫಲಿಸ್ಕನ್ನರ ಭಾಷೆ ನಮಗೆ ತಿಳಿದುಬಂದಿರುವುದು ಯಾವ ಗ್ರಂಥದಿಂದಲೂ ಅಲ್ಲ. ಗೋರಿಗಳ ಬಾಯಿಮುಚ್ಚುವ ಹೆಂಚುಗಳ ಮೇಲೆ ಬರೆದ ಸತ್ತವರ ಹೆಸರುಗಳು, ಪಾತ್ರೆಗಳ ಮೇಲೆ ಗೀಚಿದ ಒಡೆಯರ ಹೆಸರುಗಳು, ಹರಕೆಯ ನಾಲ್ಕು ಮಾತುಗಳು, ಇಂಥ ನೂರಾರು ಕಿರುಬರಹಗಳೇ ಅದರ ಸಮಸ್ತ ಸಾಹಿತ್ಯ. ಎಟ್ರಸ್ಕನ್ನರಿಂದ ಪಡೆದ ಅಕ್ಷರಗಳಲ್ಲಿ, ಬಲದಿಂದ ಎಡಕ್ಕೆ ಇವನ್ನು ಬರೆಯುತ್ತಿದ್ದರು. ಇವುಗಳಲ್ಲಿ ಅತ್ಯಂತ ಹಳೆಯದಾದ ದೀರ್ಘ ಬರಹವು ಕ್ರಿ. ಪೂ. ೬೦೦ರ ಸುಮಾರಿನದು. ಒಂದು ಮಣ್ಣಿನ ಪಾತ್ರೆಯ ಮೇಲಿರುವ ಅದರಲ್ಲಿ ಧಾನ್ಯದೇವತೆಯಾದ ಸೀರೀಸಳ ಹೆಸರು ಬಂದಿದೆ.

ಕ್ರಿ. ಪೂ. ೪ನೆಯ ಶತಮಾನದ ಒಂದು ಪಾನಪಾತ್ರೆಯ ಮೇಲಿರುವ ಬರಹ ಇನ್ನೂ ಪ್ರಸಿದ್ಧವಾದುದು. 'ಫೊಯೆಡ್ ವಿನೊ ಪಿಪಾಫೊ, ಕ್ರಾ ಕರೇಫೊ' ಎಂಬುದು ಅದರ ಪಾಠ. 'ಇಂದು ದ್ರಾಕ್ಷಾರಸವನ್ನು ಕುಡಿಯುವೆನು, ನಾಳೆ ಅದಿಲ್ಲದೆ ಇರುವೆನು' ಎಂದು ಇದರ ತಾತ್ಪರ್ಯ. ಇದನ್ನೇ ಲ್ಯಾಟಿನ್ನಿನಲ್ಲಿ ಹೇಳುವುದಾದರೆ 'ಹೊದಿಯೆ ವೀನುಮ್ ಬಿಬಾಮ್, ಕ್ರಾಸ್ ಕರೇಬೊ' ಎಂದಾಗುತ್ತದೆ. ಲ್ಯಾಟಿನ್ನಿನ 'ಹೊದಿಯೆ' ಎಂಬಲ್ಲಿ ಫಲಿಸ್ಕನ್ನಿನಲ್ಲಿ ಫಕಾರದಿಂದ ತೊಡಗುವ 'ಫೊಯೆಡ್' ಇದೆ. ಲ್ಯಾಟಿನ್ನಿನ 'ಕರೇಬೊ' ಎಂಬಲ್ಲಿ ಬಕಾರಕ್ಕೆ ಬದಲಾಗಿ ಫಕಾರವುಳ್ಳ 'ಕರೇಫೊ' ಇದೆ. ಹುರುಳಿಜಾತಿಯ ಕಾಳೊಂದನ್ನು ಲ್ಯಾಟಿನರು 'ಫಾಬ' ಎಂದರೆ ಫಲಿಸ್ಕನ್ನರು 'ಹಾಬ' ಎನ್ನುತ್ತಿದ್ದರೆಂದು ರೋಮಿನ ವೈಯಾಕರಣರು ಹೇಳಿದ್ದಾರೆ.

ಕನ್ನಡದ ಓದುಗರಿಗೆ ಇಂಥ ಧ್ವನಿವ್ಯತ್ಯಾಸಗಳು ಹೊಸತಲ್ಲ. ಹಳಗನ್ನಡದ 'ಪಾಲ್' ನಡುಗನ್ನಡದ ಹೊತ್ತಿಗೆ 'ಹಾಲು' ಆಯಿತು. 'ಪುಲ್' 'ಹುಲ್ಲು' ಆಯಿತು. 'ಪಳ್ಳಿ' 'ಹಳ್ಳಿ' ಆಯಿತು. ಹುಲ್ಲಹಳ್ಳಿ ಎಂಬ ಊರಹೆಸರಿನ ಎರಡು ಭಾಗಗಳಲ್ಲಿಯೂ ಈ ಪಕಾರ-ಹಕಾರಗಳ ಮಾರ್ಪಾಟಿನ ಗುರುತು ಇದೆ. ಇಟಲಿಯ ಫಕಾರ-ಹಕಾರಗಳ ವ್ಯತ್ಯಾಸಕ್ಕೂ ನಮ್ಮದಕ್ಕೂ ಚಾರಿತ್ರಿಕವಾದ ಸಂಬಂಧವೇನೂ ಇಲ್ಲ. ಒಂದು ಧ್ವನಿಯ ಭೇದದಿಂದಲೇ ಎರಡು ಮಾತುಗಳು ಬೇರೆ ಬೇರೆ ಭಾಷೆಗಳಾಗಿಬಿಡುವುದಿಲ್ಲವೆಂಬುದನ್ನು ತೋರಿಸಲು ಮಾತ್ರ ಈ ಉದಾಹರಣೆಯನ್ನು ಕೊಟ್ಟಿದ್ದೇವೆ.

ಹಾಗಾದರೆ ಫಲಿಸ್ಕನ್ ಬೇರೆ ಭಾಷೆಯೋ, ಲ್ಯಾಟಿನ್ನಿನ ಒಂದು ಉಪಭಾಷೆಯೋ? ೧೯೬೩ರಲ್ಲಿ ಗಾಬ್ರಿಯೆಲ್ಲಾ ಜಾಕೊಮೆಲ್ಲಿ ಎಂಬ ಇಟಲಿಯ ವಿದುಷಿಯು ಈ ಬರಹಗಳನ್ನೆಲ್ಲ ಒಟ್ಟುಗೂಡಿಸಿ ಗ್ರಂಥವೊಂದನ್ನು ಪ್ರಕಟಿಸಿದಳು. ೨೦೦೯ರಲ್ಲಿ ಗಾಬ್ರಿಯೆಲ್ ಬಕ್ಕುಮ್ ಎಂಬ ಡಚ್ ವಿದ್ವಾಂಸನು ಇವನ್ನೆಲ್ಲ ಮತ್ತೆ ಪರಿಶೀಲಿಸಿ, ಫಲಿಸ್ಕನ್ ಲ್ಯಾಟಿನ್ನಿನದೇ ಒಂದು ಉಪಭಾಷೆಯೆಂದು ವಾದಿಸಿದನು. ಅದು ಲ್ಯಾಟಿನ್ನಿನ ಸೋದರಭಾಷೆಯೆಂದು ಹಿಡಿದವರೂ ಇದ್ದಾರೆ. ನಮ್ಮ ನೆರೆಯ ನೀಲಗಿರಿಯ ಬಡಗರ ಮಾತಿನ ವಿಷಯದಲ್ಲಿಯೂ ಇದೇ ಚರ್ಚೆ ನಡೆದಿದೆ. ಬಡಗರೆಂದರೆ ಬಡಗಣಿಂದ, ಅಂದರೆ ಮೈಸೂರು ಸೀಮೆಯ ಕಡೆಯಿಂದ, ಬಂದವರು ಎಂದರ್ಥ. ಅವರ ಮಾತನ್ನು ಕನ್ನಡದ ಉಪಭಾಷೆಯೆಂದು ಕೆಲವರೂ, ಪ್ರತ್ಯೇಕ ಭಾಷೆಯೆಂದು ಕೆಲವರೂ ಎಣಿಸುತ್ತಾರೆ. ಇಂಥ ಚರ್ಚೆಗಳಲ್ಲಿ ವ್ಯಾಕರಣದ ತೂಕದೊಡನೆ ಇನ್ನೊಂದು ತೂಕವೂ ಸೇರಿರುತ್ತದೆ: ಆ ಮಾತನ್ನಾಡುವವರಿಗೆ ಸ್ವಂತ ರಾಜ್ಯವೂ ಸ್ವಂತ ಬರವಣಿಗೆಯೂ ಎಷ್ಟು ಕಾಲ ಉಳಿದವು ಎಂಬುದು.

೪

ಫಲಿಸ್ಕನ್ನರ ರಾಜ್ಯ ಬಹುಕಾಲ ಉಳಿಯಲಿಲ್ಲ. ಅವರ ಮಿತ್ರನಗರವಾದ ಎಟ್ರಸ್ಕನ್ನರ ವೇಯಿ ಕ್ರಿ. ಪೂ. ೩೯೬ರಲ್ಲಿ ರೋಮನರ ವಶವಾಯಿತು. ಎರಡು ವರ್ಷಗಳ ಬಳಿಕ ರೋಮಿನ ಸೇನಾನಿ ಕಮಿಲ್ಲಸನು ಫಲೇರಿಯೈ ಪಟ್ಟಣವನ್ನು ಮುತ್ತಿದನು. ಈ ಮುತ್ತಿಗೆಯ ಬಗ್ಗೆ ರೋಮಿನ ಇತಿಹಾಸಕಾರ ಲಿವಿ ಒಂದು ಕಥೆಯನ್ನು ಹೇಳುತ್ತಾನೆ. ಪಟ್ಟಣದ ಶ್ರೀಮಂತರ ಮಕ್ಕಳಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯನೊಬ್ಬನು ಆ ಮಕ್ಕಳನ್ನು ತಿರುಗಾಟದ ನೆವದಿಂದ ಕರೆತಂದು ಶತ್ರುವಿನ ಪಾಳೆಯದಲ್ಲಿ ಒಪ್ಪಿಸಿದನಂತೆ. ಕಮಿಲ್ಲಸನು ಈ ದ್ರೋಹಕ್ಕೆ ಅಸಹ್ಯಪಟ್ಟು, ಉಪಾಧ್ಯಾಯನ ಕೈಗಳನ್ನು ಬೆನ್ನಿಗೆ ಕಟ್ಟಿಸಿ, ಹುಡುಗರ ಕೈಗೆ ಬೆತ್ತಗಳನ್ನು ಕೊಟ್ಟು, ಹೊಡೆಯುತ್ತ ಅವನನ್ನು ಊರಿಗೆ ಅಟ್ಟಿಸಿದನಂತೆ. ಅವನ ಧರ್ಮಬುದ್ಧಿಗೆ ಮೆಚ್ಚಿದ ಫಲಿಸ್ಕನ್ನರು ತಾವಾಗಿ ಶರಣಾದರಂತೆ. ಕಥೆ ಸೊಗಸಾಗಿದೆ. ಆದರೆ ಇದನ್ನು ಹೇಳಿದವನು ಗೆದ್ದವರ ಕಡೆಯವನು, ಅದೂ ಮೂರುನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಬಾಳಿದವನು. ಸೋತವರು ಈ ಸಂಗತಿಯನ್ನು ಹೇಗೆ ನೆನೆಯುತ್ತಿದ್ದರೆಂಬುದನ್ನು ಅವರ ಗೋರಿಯ ಹೆಂಚುಗಳು ಹೇಳುವುದಿಲ್ಲ.

ಕ್ರಿ. ಪೂ. ೨೪೧ರಲ್ಲಿ ಕೊನೆಯ ಯುದ್ಧ ನಡೆಯಿತು. ಕಾರ್ಥೇಜಿನೊಡನೆ ದೀರ್ಘ ಸಮರವನ್ನು ಅದೇ ವರ್ಷ ಮುಗಿಸಿದ್ದ ರೋಮ್, ದಂಗೆಯೆದ್ದ ಫಲಿಸ್ಕನ್ನರ ಮೇಲೆ ಇಬ್ಬರು ಕಾನ್ಸಲರನ್ನು ಕಳುಹಿಸಿತು. ಆರು ದಿನಗಳಲ್ಲಿ ಯುದ್ಧ ಮುಗಿಯಿತು. ಫಲಿಸ್ಕನ್ನರ ಭೂಮಿಯಲ್ಲಿ ಅರ್ಧ ರೋಮಿನ ಪಾಲಾಯಿತು. ಕಮರಿಗಳ ನಡುವಿನ ದುರ್ಗಮವಾದ ಹಳೆಯ ಪಟ್ಟಣವನ್ನು ಬಿಡಿಸಿ, ಸುಮಾರು ಐದು ಕಿಲೋಮೀಟರುಗಳ ದೂರದ ಬಯಲಿನಲ್ಲಿ ಹೊಸ ಫಲೇರಿಯೈ ಪಟ್ಟಣವನ್ನು ಕಟ್ಟಲಾಯಿತು. ಬಯಲಿನ ಊರು ಆಳುವವರಿಗೆ ಅನುಕೂಲ. ಅಲ್ಲಿ ಕಾಲಕ್ರಮದಲ್ಲಿ ಬರಹಗಳು ಲ್ಯಾಟಿನ್ನಿಗೆ ತಿರುಗಿದವು. ಫಲಿಸ್ಕನ್ ಭಾಷೆ ಕಣ್ಮರೆಯಾಯಿತು. ಆದರೆ ದೇವಿಯ ಪೂಜೆ ಮಾತ್ರ ನಿಲ್ಲಲಿಲ್ಲ. ಸುಮಾರು ಎರಡು ಶತಮಾನಗಳ ತರುವಾಯ ಬಾಳಿದ ಕವಿ ಓವಿಡನ ಹೆಂಡತಿಯ ಊರು ಫಲೇರಿಯೈ. ಅಲ್ಲಿ ನಡೆಯುತ್ತಿದ್ದ ಜೂನೋ ದೇವಿಯ ಉತ್ಸವವನ್ನು ಆತನು ತನ್ನ ಒಂದು ಕವಿತೆಯಲ್ಲಿ ವರ್ಣಿಸಿದ್ದಾನೆ. ಭಾಷೆ ಹೋದರೂ ಜಾತ್ರೆ ಉಳಿದಿತ್ತು.

೫

ಈಗ ಕಪಿಲೆಯ ತೀರಕ್ಕೆ ಬರೋಣ. ಎರಡು ನಾಡುಗಳಿಗೂ ನಡುವೆ ಒಂದು ಸೂಕ್ಷ್ಮವಾದ ಎಳೆಯೂ ಉಂಟು. ಕ್ರಿ. ಶ. ೨ನೆಯ ಶತಮಾನದ ನಡುವಿನಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಬರೆದ ಭೂಗೋಳಗ್ರಂಥದಲ್ಲಿ ದಕ್ಷಿಣ ಭಾರತದ ಒಳನಾಡಿನ ಊರುಗಳನ್ನು ಎಣಿಸುವಾಗ 'ಪೌನ್ನಾಟ' ಎಂಬ ಹೆಸರು ಬರುತ್ತದೆ. ಅಲ್ಲಿ ಬೆರಿಲ್ ರತ್ನ ದೊರೆಯುತ್ತದೆಂಬ ಮಾತೂ ಇದೆ. ಈ ಪೌನ್ನಾಟವನ್ನು ನಮ್ಮ ಪುನ್ನಾಟವೆಂದೇ ಬಹುಮಂದಿ ವಿದ್ವಾಂಸರು ಗುರುತಿಸಿದ್ದಾರೆ. ಬೆರಿಲ್ ಎಂಬ ಹೆಸರೇ ಭಾರತದಿಂದ ಹೋದದ್ದು. ಸಂಸ್ಕೃತದ ವೈಡೂರ್ಯ, ಪ್ರಾಕೃತದ ವೇರುಲಿಯ ಎಂಬ ರೂಪಗಳಿಗೆ ಗ್ರೀಕಿನ 'ಬೆರುಲ್ಲೋಸ್' ಸಂಬಂಧಿಸಿದೆ. ಬೆರಿಲ್ ಭಾರತದಲ್ಲಿ ದೊರೆಯುವುದು, ಬೇರೆಡೆಗಳಲ್ಲಿ ವಿರಳವೆಂದು ಕ್ರಿ. ಶ. ೭೯ರಲ್ಲಿ ತೀರಿಕೊಂಡ ರೋಮಿನ ಪ್ಲಿನಿ ಬರೆದಿದ್ದಾನೆ. ಕೊಂಗುನಾಡಿನ ಪಡಿಯೂರಿನಲ್ಲಿ ಬೆರಿಲ್ಲಿನ ಹಳೆಯ ಗಣಿಗಳಿದ್ದವು. ಕೊಯಮತ್ತೂರು ಪ್ರದೇಶದಲ್ಲಿ ರೋಮನ್ ನಾಣ್ಯಗಳ ನಿಧಿಗಳೂ ಹಲವು ದೊರೆತಿವೆ. ಆ ಪ್ರದೇಶಕ್ಕೂ ಮೈಸೂರು ಪ್ರಸ್ಥಭೂಮಿಗೂ ಕಣಿವೆಗಳ ಮೂಲಕ ಹಾದಿಗಳಿದ್ದುವು. ಫಲಿಸ್ಕನ್ನರ ನಾಡನ್ನು ನುಂಗಿದ ರೋಮ್, ಅದಾದ ಮೂರು-ನಾಲ್ಕು ಶತಮಾನಗಳ ಬಳಿಕ, ಪುನ್ನಾಟದ ಹೆಸರನ್ನು ಅದರ ರತ್ನಗಳ ಮೂಲಕ ಕೇಳಿತ್ತೆನ್ನಬಹುದು.

ನಾಡಿನ ಹೆಸರಿನ ರೂಪವನ್ನೂ ಗಮನಿಸಬೇಕು. ಪುನ್ನಾಟ, ಪುನ್ನಾಡು ಎಂಬ ಎರಡು ರೂಪಗಳೂ ಬಳಕೆಯಲ್ಲಿದ್ದವು. 'ನಾಡು' ಎಂಬ ದೇಶ್ಯ ಶಬ್ದವೇ ಸಂಸ್ಕೃತದ ಬಾಯಲ್ಲಿ 'ನಾಟ' ಎಂದಾಗಿದೆಯೆಂದು ನಾವು ಭಾವಿಸುತ್ತೇವೆ. ಹೀಗಾಗಿ ಅಲ್ಲಿನ ಸಾಮಾನ್ಯರ ಮಾತು ದ್ರಾವಿಡವರ್ಗದ್ದಾಗಿತ್ತೆಂಬುದಕ್ಕೆ ಹೆಸರಿನಲ್ಲಿಯೇ ಒಂದು ಸೂಚನೆ ಇದೆ.

ಈ ಕಣಿವೆಯಲ್ಲಿ ಜನವಸತಿ ಪುನ್ನಾಟದ ಅರಸರಿಗಿಂತಲೂ ಬಹಳ ಹಿಂದಿನದು. ತಿರುಮಕೂಡಲು ನರಸೀಪುರದಲ್ಲಿ ನಡೆದ ಉತ್ಖನನಗಳಲ್ಲಿ ನವಶಿಲಾಯುಗದ ನೆಲೆ ಬೆಳಕಿಗೆ ಬಂದಿತು, ಪ್ರೊ. ಎಂ. ಶೇಷಾದ್ರಿಯವರ ವರದಿ ೧೯೭೧ರಲ್ಲಿ ಪ್ರಕಟವಾಯಿತು. ಹೊಳೆಯ ನೀರೂ ದನಕರುಗಳಿಗೆ ಮೇವೂ ಇದ್ದ ಈ ಬಯಲಿನಲ್ಲಿ ರೈತನೂ ಗೋವಳನೂ ನೆಲೆಸಿದ ಎಷ್ಟೋ ಕಾಲದ ಬಳಿಕ ಅರಸನು ಬಂದಿದ್ದಾನೆ.

೬

ಪುನ್ನಾಟದ ಅರಸರ ಸ್ವಂತ ದನಿ ನಮಗೆ ಕೇಳಿಸುವುದು ತಾಮ್ರಶಾಸನದಲ್ಲಿ. ಕೊಯಮತ್ತೂರು ಸೀಮೆಯ ಕೊಮಾರಲಿಂಗದಲ್ಲಿ ದೊರೆತ, ರವಿದತ್ತನೆಂಬ ಅರಸನ ಶಾಸನವು ಇವುಗಳಲ್ಲಿ ಮುಖ್ಯವಾದುದು. ಕಾಶ್ಯಪ ವಂಶದವನೆಂದು ಹೇಳಿಕೊಂಡ ರಾಷ್ಟ್ರವರ್ಮ, ಅವನ ಮಗ ನಾಗದತ್ತ, ಅವನ ಮಗ ಭುಜಗ, ಅವನ ಮಗ ಸ್ಕಂದವರ್ಮ, ಅವನ ಮಗ ರವಿದತ್ತ ಎಂದು ಐದು ತಲೆಗಳ ವಂಶಾವಳಿ ಇದರಲ್ಲಿದೆ. ಭುಜಗನು ಸಿಂಗವರ್ಮನ ಮಗಳನ್ನು ಮದುವೆಯಾಗಿದ್ದನೆಂಬ ವಿವರವೂ ಇದೆ. ದತ್ತಿಯನ್ನು ಕೊಟ್ಟ ಕಾಲದಲ್ಲಿ ಅರಸನು ಕಿತ್ತಿಪುರದಲ್ಲಿದ್ದನು. ಈ ಕಿತ್ತಿಪುರ, ಎಂದರೆ ಕೀರ್ತಿಪುರವು, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಪಿಲೆಯ ದಡದಲ್ಲಿದ್ದ ಕಿತ್ತೂರೆಂದು ಬಿ. ಎಲ್. ರೈಸ್ ಅವರು ಗುರುತಿಸಿದರು. ತರುವಾಯದ ವಿದ್ವಾಂಸರೂ ಅದನ್ನು ಒಪ್ಪಿದ್ದಾರೆ. ಡಾ. ಬಿ. ಎ. ಸಾಲೆತೊರೆಯವರು ಪುನ್ನಾಟವನ್ನು ಕುರಿತು ಪ್ರತ್ಯೇಕವಾದ ಪ್ರಬಂಧವನ್ನೇ ಬರೆದು ಈ ನಾಡಿನ ಮಹತ್ತ್ವವನ್ನು ಎತ್ತಿತೋರಿಸಿದರು. ರಾಜಧಾನಿ ಕಿತ್ತೂರಿನಲ್ಲಿದ್ದು, ಶಾಸನ ಕೊಮಾರಲಿಂಗದಲ್ಲಿ ದೊರೆತಿದೆಯೆಂಬುದನ್ನು ನೋಡಿದರೆ, ಕಿತ್ತೂರಿಗೂ ನದೀಸಂಗಮಕ್ಕೂ ನಡುವಿನ ಹುಲ್ಲಹಳ್ಳಿ, ನಂಜನಗೂಡುಗಳ ಬಯಲು ಈ ನಾಡಿನ ಎಲ್ಲೆಯೊಳಗೆ ಸೇರಿದ್ದಿರುವುದು ಸಂಭವನೀಯವಾಗಿದೆ.

ಪುನ್ನಾಟದ ವಿಷಯವಾಗಿ ಎರಡನೆಯ ಸಾಕ್ಷಿ ನೆರೆಯವರದು. ಗಂಗರ ತಾಮ್ರಶಾಸನಗಳು ದುರ್ವಿನೀತನನ್ನು ಪುನ್ನಾಟದ ರಾಜ ಸ್ಕಂದವರ್ಮನ ಪ್ರಿಯಪುತ್ರಿಯ ಮಗನೆಂದು ವರ್ಣಿಸುತ್ತವೆ. ದುರ್ವಿನೀತನ ತಂದೆ ಅವಿನೀತ. ಇವರಿಬ್ಬರ ಕಾಲ ಸ್ಥೂಲವಾಗಿ ಕ್ರಿ. ಶ. ೫ ಮತ್ತು ೬ನೆಯ ಶತಮಾನಗಳು. ಈ ಸ್ಕಂದವರ್ಮನೂ ಕೊಮಾರಲಿಂಗ ಶಾಸನದ ಸ್ಕಂದವರ್ಮನೂ ಒಬ್ಬನೇ ಎಂದು ಹಲವರು ಹಿಡಿದಿದ್ದಾರೆ. ಹಾಗೆ ಹಿಡಿದರೆ ರವಿದತ್ತನು ದುರ್ವಿನೀತನಿಗೆ ಸೋದರಮಾವನಾಗುತ್ತಾನೆ. ತಂದೆಯು ರಾಜ್ಯಲಕ್ಷ್ಮಿಯನ್ನು ಇನ್ನೊಬ್ಬ ಮಗನಿಗೆ ಒಪ್ಪಿಸಬೇಕೆಂದಿದ್ದರೂ ಅವಳು ತಾನಾಗಿ ಬಂದು ದುರ್ವಿನೀತನನ್ನು ಆಲಿಂಗಿಸಿದಳೆಂದು ಅವೇ ಶಾಸನಗಳು ಅಲಂಕಾರದ ಮಾತಿನಲ್ಲಿ ಹೇಳುತ್ತವೆ. ಅಲಂಕಾರವನ್ನು ಬಿಡಿಸಿ ನೋಡಿದರೆ ಉಳಿಯುವುದು ಸಿಂಹಾಸನಕ್ಕಾಗಿ ನಡೆದ ದಾಯಾದಿಕಲಹ. ತಂದೆಯ ಒಲವಿಲ್ಲದ ಮಗನಿಗೆ ತಾಯಿಯ ತವರಿನ ಬೆಂಬಲ ಒದಗಿದ್ದಿರಬಹುದೆಂದು ನಾವು ಊಹಿಸುತ್ತೇವೆ. ಊಹೆಯೇನೇ ಇರಲಿ, ದುರ್ವಿನೀತನ ಶಾಸನಗಳು ಅವನನ್ನು ಪುನ್ನಾಟಕ್ಕೂ ಅಧಿಪತಿಯೆಂದು ಕರೆಯುತ್ತವೆ. ಅಲ್ಲಿಂದ ಮುಂದೆ ಪುನ್ನಾಟವು ಗಂಗರಾಜ್ಯದ ಒಂದು ಭಾಗ.

ಇಲ್ಲಿ ಒಂದು ಮುಖ್ಯವಾದ ಅಂಶವಿದೆ. ಫಲಿಸ್ಕನ್ನರ ಸ್ವಾತಂತ್ರ್ಯ ಯಾವ ವರ್ಷ ಹೋಯಿತೆಂಬುದನ್ನು ನಾವು ಬಲ್ಲೆವು. ಎಷ್ಟು ದಿನಗಳ ಯುದ್ಧವೆಂಬುದನ್ನೂ ಬಲ್ಲೆವು. ಪುನ್ನಾಟದ ಅಂತ್ಯಕ್ಕೆ ಅಂಥ ವರ್ಷವಿಲ್ಲ. ಮದುವೆಯ ಹಂದರದಲ್ಲಿ ಆರಂಭವಾದ ಸಂಬಂಧವು ಮೊಮ್ಮಗನ ಪಟ್ಟದಲ್ಲಿ ಮುಗಿದಿದೆ. ಯುದ್ಧವಾಗಿದ್ದರೆ ಸುಟ್ಟ ಕೋಟೆಯ ಬೂದಿ ಉಳಿಯುತ್ತಿತ್ತು. ಗೆದ್ದವನ ಪ್ರಶಸ್ತಿ ಇರುತ್ತಿತ್ತು. ತವರಿನ ರಾಜ್ಯವು ಮಗಳ ಮಗನಿಗೆ ಸಂದಾಗ ಊರುಗಳು ಹಾಗೆಯೇ ಇರುತ್ತವೆ, ಉಳುವವರು ಹಾಗೆಯೇ ಉಳುತ್ತಾರೆ. ದತ್ತಿಪತ್ರದಲ್ಲಿ ಅರಸನ ಹೆಸರು ಮಾತ್ರ ಬದಲಾಗುತ್ತದೆ. ಹೀಗೆ ಸದ್ದಿಲ್ಲದೆ ಒಂದಾದ ನಾಡನ್ನು ಇತಿಹಾಸಕಾರನು ಮರೆಯುವುದು ಸುಲಭ. ಏಕೆಂದರೆ ನಾವು ಇತಿಹಾಸವನ್ನು ಬಹುಮಟ್ಟಿಗೆ ಯುದ್ಧಗಳ ಗುರುತಿನಿಂದ ಬರೆಯುತ್ತ ಬಂದಿದ್ದೇವೆ.

ಮರೆತುದರ ಪರಿಣಾಮವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ೯ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ಹಿಂದಿನ ಗದ್ಯಲೇಖಕರನ್ನು ಹೆಸರಿಸುವಾಗ ದುರ್ವಿನೀತನನ್ನೂ ಹೇಳಿದೆ. ಈತನು ಗಂಗ ದುರ್ವಿನೀತನೇ ಎಂಬುದು ಬಹುಜನಾಭಿಪ್ರಾಯ. ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದವನೆಂದೂ, ಭಾರವಿಯ ಕಿರಾತಾರ್ಜುನೀಯದ ೧೫ನೆಯ ಸರ್ಗಕ್ಕೆ ಟೀಕೆ ಬರೆದವನೆಂದೂ ಗಂಗಶಾಸನಗಳು ಅವನನ್ನು ಕೊಂಡಾಡುತ್ತವೆ. ಕನ್ನಡ ಸಾಹಿತ್ಯಚರಿತ್ರೆಯ ಮೊದಲ ಪುಟಗಳಲ್ಲಿ ನಾವು ಗೌರವದಿಂದ ಹೇಳುವ ಈ ಹೆಸರನ್ನು ತರಗತಿಯಲ್ಲಿ ಗಂಗರ ಹೆಮ್ಮೆಯೆಂದೇ ಪರಿಚಯಿಸುತ್ತೇವೆ. ಆತನು ತಾಯಿಯ ಕಡೆಯಿಂದ ಪುನ್ನಾಟದವನೆಂಬುದನ್ನು ಹೇಳುವ ಅಭ್ಯಾಸ ನಮಗಿಲ್ಲ. ಹೇಳಬೇಕೆಂದು ಅವನ ಶಾಸನಕಾರನಿಗೆ ಮಾತ್ರ ತೋರಿತ್ತು.

೭

ಕರಗಿಹೋದ ನಾಡುಗಳ ಇತಿಹಾಸಕ್ಕೆ ಮೂರನೆಯದೊಂದು ಆಕರವಿದೆ. ಅದು ಊರು ಬಿಟ್ಟುಹೋದವರ ನೆನಪು. ಈ ವಿಷಯದಲ್ಲಿ ಫಲಿಸ್ಕಕ್ಕೂ ಪುನ್ನಾಟಕ್ಕೂ ಇರುವ ಸಾಮ್ಯ ಆಶ್ಚರ್ಯಕರವಾಗಿದೆ.

ಹೊಸ ಫಲೇರಿಯೈ ಪಟ್ಟಣದಲ್ಲಿ ಕ್ರಿ. ಪೂ. ೨ನೆಯ ಶತಮಾನದ ಒಂದು ಕಂಚಿನ ಫಲಕ ದೊರೆತಿದೆ. ಅಡಿಗೆಯವರ ಸಂಘವೊಂದು ಜ್ಯೂಪಿಟರ್, ಜೂನೋ, ಮಿನರ್ವ ದೇವತೆಗಳಿಗೆ ಒಪ್ಪಿಸಿದ ಕಾಣಿಕೆಯ ಬರಹ ಅದರಲ್ಲಿದೆ. ಒಪ್ಪಿಸಿದವರು ತಮ್ಮನ್ನು 'ಸಾರ್ಡಿನಿಯದಲ್ಲಿರುವ ಫಲಿಸ್ಕನ್ನರು' ಎಂದು ಕರೆದುಕೊಂಡಿದ್ದಾರೆ. ಸಾರ್ಡಿನಿಯ ಕಡಲಾಚೆಯ ದ್ವೀಪ. ಫಲಕದ ಭಾಷೆ ಆ ಹೊತ್ತಿಗೆ ಲ್ಯಾಟಿನ್. ಹಳೆಯ ಪಟ್ಟಣ ಹಾಳಾಗಿ, ರಾಜ್ಯ ಹೋಗಿ, ಭಾಷೆಯೂ ಬದಲಾದ ಮೇಲೆ, ಹೊಟ್ಟೆಪಾಡಿಗಾಗಿ ಕಡಲಾಚೆ ಹೋದ ಅಡಿಗೆಯವರು ತಮ್ಮ ನಾಡಿನ ಹೆಸರನ್ನು ಉಳಿಸಿಕೊಂಡಿದ್ದರು.

ಪುನ್ನಾಟದ ಹೆಸರನ್ನು ದೂರಕ್ಕೆ ಒಯ್ದವರು ಜೈನ ಮುನಿಗಳು. ಶಕವರ್ಷ ೭೦೫ರಲ್ಲಿ, ಎಂದರೆ ಕ್ರಿ. ಶ. ೭೮೩ರಲ್ಲಿ, ವರ್ಧಮಾನಪುರದಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನಾಚಾರ್ಯನು ತಾನು ಪುನ್ನಾಟ ಸಂಘದವನೆಂದು ಹೇಳಿಕೊಂಡಿದ್ದಾನೆ. ಈತನು ಮಹಾಪುರಾಣವನ್ನು ತೊಡಗಿದ ಜಿನಸೇನನಿಂದ ಭಿನ್ನನೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ವರ್ಧಮಾನಪುರವನ್ನು ಕಾಠಿಯಾವಾಡದ ವಢವಾಣವೆಂದು ಕೆಲವರೂ, ಮಾಳವದ ಬದನಾವರವೆಂದು ಕೆಲವರೂ ಗುರುತಿಸುತ್ತಾರೆ. ಎಲ್ಲಿಯೇ ಆದರೂ ಕಪಿಲೆಯ ತೀರದಿಂದ ಅದು ಬಹುದೂರ. ಅದೇ ವರ್ಧಮಾನಪುರದಲ್ಲಿ, ಅದೇ ಸಂಘದ ಹರಿಷೇಣನು ಶಕ ೮೫೩ರಲ್ಲಿ, ಎಂದರೆ ಕ್ರಿ. ಶ. ೯೩೧-೩೨ರಲ್ಲಿ, ಬೃಹತ್ಕಥಾಕೋಶವನ್ನು ರಚಿಸಿದನು. ಅದನ್ನು ಡಾ. ಆ. ನೇ. ಉಪಾಧ್ಯೆಯವರು ೧೯೪೩ರಲ್ಲಿ ಸಂಪಾದಿಸಿ ಪ್ರಕಟಿಸಿದರು.

ಹರಿಷೇಣನ ಗ್ರಂಥದಲ್ಲಿರುವ ಭದ್ರಬಾಹುವಿನ ಕಥೆ ಇಲ್ಲಿ ವಿಶೇಷವಾಗಿ ಗಮನಾರ್ಹ. ಉತ್ತರದಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರುವುದನ್ನು ಭದ್ರಬಾಹು ಮುಂದಾಗಿ ತಿಳಿಸಿದನೆಂದೂ, ಮುನಿಸಂಘವು ದಕ್ಷಿಣಾಪಥದ ಪುನ್ನಾಟ ವಿಷಯಕ್ಕೆ ಹೋಯಿತೆಂದೂ ಅವನು ಹೇಳುತ್ತಾನೆ. ಶ್ರವಣಬೆಳ್ಗೊಳದ ಪರಂಪರೆಯು ಈ ವಲಸೆಯನ್ನು ಅಲ್ಲಿನ ಕಟವಪ್ರ ಬೆಟ್ಟದೊಡನೆ ಜೋಡಿಸುತ್ತದೆ. ಹರಿಷೇಣನಾದರೋ ಪುನ್ನಾಟವೆಂದೇ ನಾಡಿನ ಹೆಸರನ್ನು ಕೊಡುತ್ತಾನೆ. ಪುನ್ನಾಟದ ಅರಸರ ಆಳ್ವಿಕೆ ಮುಗಿದು ಮುನ್ನೂರು ವರ್ಷಗಳಿಗೂ ಹೆಚ್ಚು ಕಳೆದ ಮೇಲೆ, ನೂರಾರು ಹರದಾರಿಗಳಾಚೆ ಕುಳಿತ ಮುನಿಯೊಬ್ಬನು, ತನ್ನ ಸಂಘದ ಮೂಲನಾಡಿಗೆ ಧರ್ಮದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಸ್ಥಾನವನ್ನು ಕೊಟ್ಟಿದ್ದಾನೆ. ಕಥೆಯಲ್ಲಿ ಎಷ್ಟು ಅಂಶ ಚಾರಿತ್ರಿಕವೆಂಬುದು ಬೇರೆ ಪ್ರಶ್ನೆ. ಹೊರಗೆ ಹೋದವರಿಗೆ ಆ ಹೆಸರು ಬರಿಯ ಭೂಗೋಳದ ಗುರುತಾಗಿ ಉಳಿದಿರಲಿಲ್ಲ, ಅಭಿಮಾನದ ವಸ್ತುವಾಗಿತ್ತೆಂಬುದಂತೂ ನಿಸ್ಸಂದೇಹ.

ಅಡಿಗೆಯವರ ಸಂಘ ಒಂದು, ಮುನಿಗಳ ಸಂಘ ಇನ್ನೊಂದು. ಅರಸರು ಉಳಿಸಲಾರದ ಹೆಸರನ್ನು ಸಂಘಗಳು ಉಳಿಸಿದವು.

ನಾಡಿನೊಳಗಾದರೋ ಹೆಸರುಗಳು ಮಾರ್ಪಟ್ಟವು. ತರುವಾಯದ ಪದಿನಾಡೇ ಹಳೆಯ ಪುನ್ನಾಡು, ಪದಿನಾಡೇ ಮುಂದೆ ಹದಿನಾಡಾಯಿತು ಎಂಬುದು ರೈಸ್ ಅವರ ಅಭಿಪ್ರಾಯ. ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದಲ್ಲಿ ಆ ಹೆಸರಿನ ನೆನಪು ಇದೆ. 'ಪದಿ' ಎಂಬುದು 'ಹದಿ' ಆದದ್ದರಲ್ಲಿ ಮೇಲೆ ಹೇಳಿದ ಪಕಾರ-ಹಕಾರಗಳ ಮಾರ್ಪಾಟನ್ನೇ ಕಾಣುತ್ತೇವೆ. ೧೩೯೯ರಲ್ಲಿ ಯದುರಾಯನು ಮೈಸೂರು ಅರಸುಮನೆತನವನ್ನು ಸ್ಥಾಪಿಸಿದ ಐತಿಹ್ಯದಲ್ಲಿ ಬರುವ ಹದಿನಾಡೂ ಇದೇ ಪ್ರದೇಶ. ರೈಸ್ ಅವರ ಸಮೀಕರಣವನ್ನು ಒಪ್ಪಿದರೆ, ಗಂಗರ ಹಿಂದಿನ ನಾಡು ಒಡೆಯರ ಆದಿಕಥೆಯವರೆಗೂ ಬೇರೆ ವೇಷದಲ್ಲಿ ಬಂದಿದೆಯೆನ್ನಬೇಕಾಗುತ್ತದೆ.

೮

ಎರಡು ನಾಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಸಾಮ್ಯದಷ್ಟೇ ವೈಷಮ್ಯವೂ ಪಾಠ ಕಲಿಸುತ್ತದೆ. ಫಲಿಸ್ಕನ್ನರ ಅರಸರ ಅಥವಾ ನಾಯಕರ ವಂಶಾವಳಿ ನಮಗೆ ಉಳಿದಿಲ್ಲ. ಆದರೆ ಅವರ ಸಾಮಾನ್ಯ ಗೃಹಸ್ಥನ ಹೆಸರು, ಅವನು ಕುಡಿಯುತ್ತಿದ್ದ ಬಟ್ಟಲಿನ ಮೇಲಿನ ಪರಿಹಾಸದ ಮಾತು, ಅವನ ಮನೆಮಾತಿನ ಉಚ್ಚಾರಣೆ, ಇವು ಉಳಿದಿವೆ. ಪುನ್ನಾಟದಲ್ಲಿ ಇದಕ್ಕೆ ವಿಪರ್ಯಾಸ. ಐದು ತಲೆಗಳ ಅರಸರ ಹೆಸರುಗಳು ಸಂಸ್ಕೃತದ ಶಾಸನಭಾಷೆಯಲ್ಲಿ ನಮಗೆ ಬಂದಿವೆ. ಆದರೆ ಕಿತ್ತಿಪುರದ ಕುಂಬಾರನಾಗಲಿ ಒಕ್ಕಲಿಗನಾಗಲಿ ತನ್ನ ಮಾತಿನಲ್ಲಿ ಹೇಳಿಹೋದ ಒಂದು ವಾಕ್ಯವೂ ನಮ್ಮ ಕೈಗೆ ಬಂದಿಲ್ಲ. ಒಂದೆಡೆ ಅರಸರಿಲ್ಲದ ಜನ, ಇನ್ನೊಂದೆಡೆ ಜನರಿಲ್ಲದ ಅರಸರು. ಯಾವ ಬಗೆಯ ಆಕರ ಉಳಿಯಿತೋ ಆ ಬಗೆಯ ಇತಿಹಾಸವನ್ನೇ ನಾವು ಬರೆಯುತ್ತೇವೆ. ಬರೆದ ಮೇಲೆ ಅದನ್ನೇ ಪೂರ್ಣವೆಂದು ನಂಬುತ್ತೇವೆ. ಈ ನಂಬಿಕೆಯ ವಿಷಯದಲ್ಲಿ ಎಚ್ಚರವಾಗಿರುವುದು ಇತಿಹಾಸದ ವಿದ್ಯಾರ್ಥಿಗೆ ಅತ್ಯಗತ್ಯ.

ಆಕರಗಳನ್ನು ಹೆಚ್ಚಿಸಿಕೊಳ್ಳುವ ಮಾರ್ಗವೂ ಇಲ್ಲದಿಲ್ಲ. ಹೊಸ ಫಲೇರಿಯೈ ನಿವೇಶನದಲ್ಲಿ ಕೇಂಬ್ರಿಜ್ ಮತ್ತು ಗೆಂಟ್ ವಿಶ್ವವಿದ್ಯಾನಿಲಯಗಳ ತಜ್ಞರು ನೆಲವನ್ನು ಅಗೆಯದೆಯೇ, ಭೂಮಿಯೊಳಕ್ಕೆ ರೇಡಾರ್ ಅಲೆಗಳನ್ನು ಕಳುಹಿಸಿ, ಸುಮಾರು ೩೦ ಹೆಕ್ಟೇರುಗಳ ಇಡೀ ಪಟ್ಟಣದ ನಕ್ಷೆಯನ್ನು ಸಿದ್ಧಪಡಿಸಿ ೨೦೨೦ರಲ್ಲಿ ಪ್ರಕಟಿಸಿದರು. ದೇವಾಲಯ, ಮಾರುಕಟ್ಟೆ, ಸ್ನಾನಗೃಹ, ನೀರಿನ ಕೊಳವೆಗಳೂ ಅದರಲ್ಲಿ ಮೂಡಿವೆ. ಕಿತ್ತೂರಿನ ಸೀಮೆಯ ಸನ್ನಿವೇಶ ಬೇರೆ. ಅಲ್ಲಿ ೧೯೭೪ರಲ್ಲಿ ಕಬಿನಿ ಜಲಾಶಯ ನಿರ್ಮಾಣವಾಗಿ ನದಿಯ ಹಳೆಯ ಪಾತ್ರವೂ ದಡಗಳೂ ನೀರಿನ ಕೆಳಗಾಗಿವೆ. ಆದರೆ ಕೆಳಗಿನ ಕಣಿವೆ ನಮ್ಮ ಮುಂದೆ ತೆರೆದಿದೆ.

ಈ ಕಣಿವೆಯಲ್ಲಿ ನಮ್ಮ ಕಾಲೇಜುಗಳು ಮಾಡಬಹುದಾದ ಕೆಲಸಕ್ಕೆ ದೊಡ್ಡ ಯಂತ್ರಗಳೂ ಬೇಕಾಗಿಲ್ಲ. ಹುಲ್ಲಹಳ್ಳಿಯ ಅಣೆಕಟ್ಟಿನಿಂದ ಹೊರಟ ನಾಲೆಗಳ ಬಯಲಿನಲ್ಲಿ, ನಂಜನಗೂಡು, ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ, ಒಂದೊಂದು ಹೊಲಕ್ಕೂ ಗದ್ದೆಗೂ ಕಟ್ಟೆಗೂ ತೋಪಿಗೂ ಹೆಸರುಗಳಿವೆ. ಸರ್ವೆ ನಂಬರುಗಳು ಬಂದ ಮೇಲೆ ಇವು ದಾಖಲೆಗಳಿಂದ ಮರೆಯಾಗಿ ಹಿರಿಯರ ಬಾಯಲ್ಲಿ ಮಾತ್ರ ಉಳಿದಿವೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಇಂಥ ಹೆಸರುಗಳನ್ನು ಕೇಳಿದಂತೆಯೇ, ಉಚ್ಚಾರಣೆಯನ್ನು ತಿದ್ದದೆ, ಬರೆದುಕೊಳ್ಳಲಿ. ಕೆರೆಯ ಏರಿಯ ಮೇಲೆ, ಮಾರಿಗುಡಿಯ ಮಗ್ಗುಲಲ್ಲಿ ಹೂತುಹೋಗಿರುವ ವೀರಗಲ್ಲುಗಳನ್ನೂ, ಹೊಲದ ಬದುಗಳಲ್ಲಿ ಹಾಕಿದ ಶಾಸನದ ತುಂಡುಗಳನ್ನೂ ಗುರುತಿಸಿ ತಿಳಿಸಲಿ. ಉಳುವಾಗ ಸಿಕ್ಕುವ ಕಪ್ಪು-ಕೆಂಪು ಮಡಕೆಯ ಚೂರುಗಳು ಯಾವ ಹೊಲದಲ್ಲಿ ದೊರೆತವೆಂಬುದನ್ನು ಬರೆದಿಡಲಿ. ಊರದೇವತೆಯ ಹಬ್ಬಕ್ಕೆ ಯಾವ ಯಾವ ಹಳ್ಳಿಗಳವರು ಕೂಡುತ್ತಾರೆ, ಯಾರಿಗೆ ಮೊದಲ ತೀರ್ಥ ಎಂಬುದನ್ನು ವಿಚಾರಿಸಲಿ. ಫಲಿಸ್ಕನ್ನರಲ್ಲಿ ರಾಜ್ಯ ಹೋಗಿ ಎರಡು ಶತಮಾನಗಳಾದರೂ ದೇವಿಯ ಉತ್ಸವ ನಿಲ್ಲಲಿಲ್ಲವೆಂಬುದನ್ನು ಕಂಡಿದ್ದೇವೆ. ಹಳೆಯ ನಾಡಿನ ಎಲ್ಲೆಗಳು ನಮ್ಮ ಜಾತ್ರೆಗಳ ಕಟ್ಟಳೆಗಳಲ್ಲಿ ಅಡಗಿರುವುದು ಅಸಂಭವವಲ್ಲ.

ಹೀಗೆ ಶೇಖರಿಸಿದ ಎಲ್ಲವೂ ಪುನ್ನಾಟದ ಕಾಲದ್ದಾಗಿರಲಾರದು; ಬಹುಭಾಗ ಈಚಿನದೇ ಆಗಿರುತ್ತದೆ. ಜೊಳ್ಳನ್ನು ತೂರಿ ಕಾಳನ್ನು ಉಳಿಸಿಕೊಳ್ಳುವುದು ಆಮೇಲಿನ ಕೆಲಸ. ಆದರೆ ಕಣಕ್ಕೆ ತೆನೆ ಬಾರದೆ ತೂರುವುದೆಲ್ಲಿಂದ ಬಂತು? ಅರಸರ ತಾಮ್ರಪಟಗಳಿಂದ ನಮಗೆ ದೊರೆಯಬೇಕಾದುದು ಬಹುಮಟ್ಟಿಗೆ ದೊರೆತಿದೆ. ಪುನ್ನಾಟದ ಜನರ ಮಾತನ್ನು ಕೇಳಬೇಕಾದರೆ ಅವರು ಉತ್ತ ನೆಲದ ಹೆಸರುಗಳನ್ನೇ ಕೇಳಬೇಕು.